ಲಕ್ಷಕ್ಕೆ ಮೂರು ಪಾಲು

“ಮುಟ್ಟಬ್ಯಾಡ ಸುಮಿ,” ಅಂದರು ಅಜ್ಜಿ.

ಸುಮೇಧಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಪ್ಪ ಆದೋನಿಯಿಂದ ತಂದ ಹೊಸ ಅರಳೆ ನಡುಮನೆಯ ಚಾಪೆಯ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಬರುವ ಕಾರ್ತೀಕದಲ್ಲಿ ದೇವರಿಗೆ ಲಕ್ಷ ಬತ್ತಿ ಹಚ್ಚುತ್ತೇನೆಂದು ವೆಂಕೂಬಾಯಿ ಅಜ್ಜಿ ಬೇಡಿಕೊಂಡಿದ್ದರು. ಬತ್ತಿ ಹೊಸೆಯುವ ಕೆಲಸದಲ್ಲಿ ಅಜ್ಜಿ, ಅಮ್ಮ, ಚಿಕ್ಕಪ್ಪನ ಹೆಂಡತಿ ಭುವನಾ ಕಾಕು ಮೂವರಿಗೂ ಸಮಪಾಲು.

“ನಾನೂ ಮಾಡ್ತೀನಿ ಅಜ್ಜಿ.”

“ಹೋದ ಸರ್ತಿ ನೀ ಮಾಡಿದ ಹೂಬತ್ತಿ ಎರೆಹುಳದ ಹಂಗ ಇದ್ವು,” ಎಂದಳು ಕಾಕು. “ಒಂದರ ನೆಟ್ಟಗ ನಿಂತಿತ್ತೇನು?”

ಅಮ್ಮ ನಕ್ಕಳು. ಸುಮೇಧಾ ನಗಲಿಲ್ಲ. ಹೋಂವರ್ಕ್ ತೆಗೆದುಕೊಂಡು ಬಾಗಿಲ ಹತ್ತಿರ ಕುಳಿತಳು.

ದೇವದಾಸ್ ಸರ್ ಎಲ್ಲರಿಗೂ ಒಂದೊಂದು ದೊಡ್ಡ ಸಂಖ್ಯೆ ಆರಿಸಿಕೊಳ್ಳಲು ಹೇಳಿದ್ದರು. ಅದು ಸಮವೋ ಬೆಸವೋ, ಯಾವುದರಿಂದ ಭಾಗವಾಗುತ್ತದೆ, ಯಾವುದರಿಂದ ಆಗುವುದಿಲ್ಲ, ಎಲ್ಲ ನಾಳೆ ಹೇಳಬೇಕು. ಮನೆಯಲ್ಲಿ ದಿನವೂ ಕೇಳುತ್ತಿದ್ದ ಲಕ್ಷವನ್ನೇ ಅವಳು ಆರಿಸಿಕೊಂಡಿದ್ದಳು.

ಲಕ್ಷ ಸಮಸಂಖ್ಯೆ. ಎರಡರಿಂದ ಹೋಗುತ್ತದೆ, ನಾಲ್ಕರಿಂದಲೂ ಹೋಗುತ್ತದೆ. ಐದು, ಎಂಟು, ಹತ್ತು, ಯಾವುದಕ್ಕೂ ತಕರಾರಿಲ್ಲ. ಇನ್ನು ಮೂರು. ಅಂಕಿಗಳನ್ನೆಲ್ಲ ಕೂಡಿಸಿ ನೋಡಿ ಎಂದಿದ್ದರು ಸರ್. ಮೊತ್ತ ಮೂರರಿಂದ ಹೋದರೆ ಸಂಖ್ಯೆಯೂ ಹೋಗುತ್ತದೆ. ಒಂದಕ್ಕೆ ಐದು ಸೊನ್ನೆ ಕೂಡಿಸಿದರೆ ಒಂದೇ.

ಸುಮೇಧಾ ತಲೆ ಎತ್ತಿ ಚಾಪೆಯ ಮೇಲಿದ್ದ ಮೂವರನ್ನೂ ನೋಡಿದಳು.

“ಅಜ್ಜಿ, ನಿಮ್ಮ ಪಾಲು ಸರಿಹೋಗಂಗಿಲ್ಲ.”

“ಯಾಕಂತ?”

“ಲಕ್ಷ ಮೂರರಿಂದ ಹೋಗಂಗಿಲ್ಲ. ಒಬ್ಬೊಬ್ಬರಿಗೆ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು. ಶೇಷ ಒಂದು.”

“ಒಂದು ತಾನ? ನಾ ಮಾಡಿಬಿಡ್ತೀನಿ ತಗೋ,” ಎಂದಳು ಕಾಕು.

“ಆವಾಗ ನಿಮ್ಮ ಪಾಲು ಹೆಚ್ಚಾಗ್ತದ. ಸಮಪಾಲು ಹೆಂಗಾಗ್ತದ ಕಾಕು?”

“ಒಂದು ಬಿಟ್ಟರ ಯಾರು ಎಣಸ್ತಾರ್ರಿ?” ಎಂದಳು ಅಮ್ಮ, ಅಜ್ಜಿಯ ಕಡೆ ತಿರುಗಿ.

ಅಜ್ಜಿಯ ಬೆರಳುಗಳು ನಿಂತವು. “ಬಿಡೋದು ಹೆಂಗ ಸುಷಮಾ? ಲಕ್ಷ ಅಂತ ಬೇಡಿಕೊಂಡೀನಿ.” ಆಮೇಲೆ ಮೊಮ್ಮಗಳನ್ನು ಓರೆಗಣ್ಣಿನಿಂದ ನೋಡಿದರು. “ಆ ಒಂದು ಮಾಡೋರು ಯಾರು ಅಂತನೂ ನಿಮ್ಮ ಸರ್ ಹೇಳ್ಯಾರೇನು?”

“ಇಲ್ಲ,” ಎಂದಳು ಸುಮೇಧಾ. ದನಿ ಸಣ್ಣದಾಗಿತ್ತು.

ಅಜ್ಜಿ ಸ್ವಲ್ಪ ಸರಿದು ಕುಳಿತರು. ಚಾಪೆಯ ಮೇಲೆ ಒಬ್ಬರಿಗೆ ಜಾಗವಾಯಿತು.

ಸುಮೇಧಾ ಅಲ್ಲಿ ಕುಳಿತು, ಬೆರಳಿಗೆ ಹಾಲು ಹಚ್ಚಿಕೊಂಡು ಹೊಸೆದಳು. ಮೊದಲನೆಯ ಬತ್ತಿಯ ತುದಿ ಕಿತ್ತುಬಂತು. ಎರಡನೆಯದು ಪಕ್ಕಕ್ಕೆ ವಾಲಿತು. ಕಾಕು ತುಟಿ ಬಿಗಿಹಿಡಿದು ಬೇರೆ ಕಡೆ ನೋಡಿದಳು.

“ಅವಸರ ಮಾಡಬ್ಯಾಡ,” ಎಂದರು ಅಜ್ಜಿ. “ನಿಂದು ಒಂದ ಅದ.”

ಕೊನೆಗೆ ಒಂದು ಹೂಬತ್ತಿ ತಟ್ಟೆಯಲ್ಲಿ ನೆಟ್ಟಗೆ ನಿಂತಿತು. ಅಮ್ಮ ಅದನ್ನು ಎತ್ತಿ, ತಾನು ಮಾಡಿದ್ದವುಗಳ ನಡುವೆ ಇಟ್ಟಳು.

ಸುಮೇಧಾ ಮತ್ತೆ ಹೋಂವರ್ಕ್‌ಗೆ ಬಂದಳು. ಸುಮ್ಮನೆ, ಲಕ್ಷಕ್ಕೆ ಒಂದು ಕಡಿಮೆ ಮಾಡಿ ಮೂರರಿಂದ ಭಾಗಿಸಿದಳು. ಲೆಕ್ಕ ಸಲೀಸಾಗಿ ಹೋಯಿತು. ಮೂವರಿಗೂ ಸಮ, ಏನೂ ಉಳಿಯಲಿಲ್ಲ.

ಅದನ್ನು ಸ್ವಲ್ಪ ಹೊತ್ತು ನೋಡಿ, ಅಳಿಸಿಹಾಕಿದಳು. ಲಕ್ಷದ ಕೆಳಗೆ ‘ಮೂರರಿಂದ ಹೋಗುವುದಿಲ್ಲ, ಶೇಷ ಒಂದು’ ಎಂದು ಬರೆದಳು. ಆ ಒಂದನ್ನು ಉಳಿದ ಅಕ್ಷರಗಳಿಗಿಂತ ತುಸು ದೊಡ್ಡದಾಗಿ ಬರೆದಳು.