ಹಸಿರು ಬಳೆಯ ನಾಲ್ಕು ಕಾಯಿ

“ಆಕಿ ಬಾವ್ಯಾಗ ಬಿದ್ದದ್ದು ನಮಗ ಹೆಂಗ ಗೊತ್ತಾಗಬೇಕ್ರೀ ಜಮಾದಾರ್ರ? ನಾನು, ಮಗ, ಮಗಳು ಮೂರೂ ಮಂದಿ ಕೂಡಿ ಚೌಕಾಬಾರ ಆಡಾಕತ್ತಿದ್ವಿ. ಒಬ್ರೂ ಎದ್ದಿಲ್ಲ!”

ಯಂಕಮ್ಮ ಇದನ್ನು ಹೇಳಿದ್ದು ಮೂರನೆಯ ಸಲ. ಜಮಾದಾರ ಮಲೀಕಸಾಬ ಹಿತ್ತಲ ಬಾವಿಯ ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕೂತು ಹೆಣ ನೋಡುತ್ತಿದ್ದ. ಯಂಕಮ್ಮನ ಸೊಸೆ, ಗದ್ದೆಮ್ಮ. ಇಪ್ಪತ್ತು ದಾಟಿರಲಿಲ್ಲ. ಬಲಗೈಯಲ್ಲಿ ಹನ್ನೆರಡು ಹಸಿರು ಬಳೆ. ಎಡಗೈ ಬೋಳು. ಮಣಿಕಟ್ಟಿನ ಸುತ್ತ ಗಾಜಿನ ಗೀರು. ಅದರ ಮೇಲೆ ಯಾರೋ ಬಿಗಿಯಾಗಿ ಹಿಡಿದ ನೀಲಿ ಗುರುತು. ಕುತ್ತಿಗೆಯಲ್ಲೂ ಅಂಥದೇ ಗುರುತು.

ಮರುದಿನ ನಾಗರಪಂಚಮಿ. ಮಸ್ಕಿಯ ಮನೆಮನೆಯಲ್ಲೂ ಎಳ್ಳು ಹುರಿಯುವ ವಾಸನೆ. ತಂಗಿಯರನ್ನು ತವರಿಗೆ ಕರೆದೊಯ್ಯಲು ಅಣ್ಣಂದಿರು ಬಂಡಿ ಕಟ್ಟಿಕೊಂಡು ಬರುವ ಹೊತ್ತು. ಗದ್ದೆಮ್ಮನ ಅಣ್ಣ ಲಾಲಪ್ಪನೂ ಬಳಗಾನೂರಿನಿಂದ ಹಾಗೇ ಬಂದಿದ್ದ. ಈಗ ತೊಯ್ದ ಧೋತರದಲ್ಲಿ, ಕೈಗೆ ಹಗ್ಗ ಕಟ್ಟಿಸಿಕೊಂಡು, ಬೇವಿನ ಬುಡದಲ್ಲಿ ಕೂತಿದ್ದ.

“ದೂಡಿದಾವ ಇವನ ರೀ,” ಎಂದ ಗದ್ದೆಮ್ಮನ ಗಂಡ ವೆಂಕೋಬ. “ತವರಿಗೆ ಬರೂದಿಲ್ಲ ಅಂದ್ಳು. ಸಿಟ್ಟಿಗೆ ದೂಡ್ಯಾನ.”

“ನೀ ಕಂಡಿ?”

“ಜಗಳ ಕೇಳಿಸ್ತು.”

“ಕೇಳಿಸಿದ್ರೂ ಏಳಲಿಲ್ಲ?”

ವೆಂಕೋಬ ತಾಯಿಯ ಮುಖ ನೋಡಿದ. “ಆಟದಾಗ ಇದ್ವಿ.”

“ಸುಳ್ರೀ ಸಾಬ್ರ!” ಲಾಲಪ್ಪ ಅಲ್ಲಿಂದಲೇ ಕೂಗಿದ. “ನೀರಿಗೆ ಹೋಗ್ಯಾಳ, ಹಿತ್ತಲಕ್ಕ ನೋಡು ಅಂದ್ರು. ಬಂದು ನೋಡ್ತೀನಿ, ಸೆರಗು ತೇಲಾಕತ್ತಿತ್ತು. ಜಿಗದು ಮ್ಯಾಲ ತಂದೀನಿ. ನನ್ನ ತಂಗೀನ ನಾನ ಕೊಲ್ತೀನೇನ್ರೀ?”

ಆದರೆ ಪೊಲೀಸ್ ಠಾಣೆಯ ಅಮೀನ ಸಾಹೇಬರ ಹುಕುಂ ಆಗಲೇ ಬಂದಿತ್ತು. ಸಂಜೆಯ ಮೋಟಾರಿಗೆ ಲಾಲಪ್ಪನನ್ನು ಲಿಂಗಸುಗೂರಿಗೆ ಕಳಿಸಬೇಕು. ಕೊಲೆಯ ಆರೋಪ. ಒಮ್ಮೆ ಮೋಟಾರು ಹತ್ತಿಸಿದರೆ ಅವನ ಮಾತು ಕೇಳುವವರು ಯಾರೂ ಇರುವುದಿಲ್ಲ, ನೇಣೇ ಗತಿ.

* * *

ಪಕ್ಕದ ಮನೆಯ ಹುಸೇನಮ್ಮನನ್ನು ಕೇಳಿದರೆ ಆಕೆಯ ಮಾತು ಯಂಕಮ್ಮನ ಕಡೆಗೇ ವಾಲಿತು.

“ಆಟ ನಡದದ್ದು ಖರೇರಿ. ಬಂಡಿ ಬರೂಕಿಂತ ಮೊದ್ಲ ಕವಡಿ ಉರುಳಾಕತ್ತಿದ್ವು. ಏನು ನಗೂದು, ಏನು ಕೂಗೂದು! ಹಬ್ಬ ಇವರ ಮನ್ಯಾಗ ಒಂದಿನ ಮೊದ್ಲ ಬಂತು ಅನ್ಕೊಂಡೆ.”

ಲಾಲಪ್ಪನನ್ನು ಉಳಿಸುವ ದಾರಿ ಮುಚ್ಚಿತು ಎನಿಸಿತು ಮಲೀಕಸಾಬನಿಗೆ. ಅಂದಮೇಲೆ ಮೂವರೂ ಒಳಗೇ ಇದ್ದರು.

“ಒಂದ ಸೋಜಿಗ ಅಂದ್ರ,” ಹುಸೇನಮ್ಮ ದನಿ ತಗ್ಗಿಸಿದಳು, “ವೆಂಕೋಬ ಎಂದೂ ಕವಡಿ ಮುಟ್ಟಿದಾವಲ್ಲ. ತಾಯಿ ಮಗಳು ಇಬ್ರ ಆಡೂದು.”

* * *

ಪಡಸಾಲೆಯ ಬಂಡೆಗಲ್ಲಿನ ಮೇಲೆ ಸುಣ್ಣದಲ್ಲಿ ಗೀಚಿದ ಚೌಕಾಬಾರದ ಮನೆಗಳು. ಆಟ ಅರ್ಧಕ್ಕೆ ನಿಂತಿತ್ತು. ಮಲೀಕಸಾಬ ಅದರ ಮುಂದೆ ಚಕ್ಕಳಮಕ್ಕಳ ಹಾಕಿದ. ವೆಂಕೋಬನ ತಂಗಿ ಗ್ಯಾನಮ್ಮ ಕಂಬಕ್ಕೆ ಆತು ನಿಂತಿದ್ದಳು. ಕಣ್ಣು ಎತ್ತಲಿಲ್ಲ.

“ಈ ಹುಣಸಿ ಬೀಜ ಯಾರ್ವು?”

“ನನ್ನವು,” ಎಂದಳು ಯಂಕಮ್ಮ.

“ಈ ಹಳ್ಳಿನ ಕಲ್ಲು?”

“ಗ್ಯಾನಮ್ಮನ್ವು.”

“ಈ ಹಸಿರು ಬಳಿ ಚೂರು?”

“ನಮ್ಮ ವೆಂಕೋಬನ್ವು. ನಾಕರಾಗ ಮೂರು ನಡುಮನಿ ಸೇರಿ ಹಣ್ಣಾಗ್ಯಾವ ನೋಡ್ರಿ!” ಹಿತ್ತಲಲ್ಲಿ ಸೊಸೆಯ ಹೆಣ. ಆದರೂ ಮಗ ಗೆಲ್ಲುತ್ತಿದ್ದ ಹೆಮ್ಮೆ ಬಾಯಿಗೆ ಬಂದುಬಿಟ್ಟಿತು.

“ಎಷ್ಟು ದಿನದ ಕಾಯಿ?”

“ಅಯ್ಯ, ವರ್ಷಾನುಗಟ್ಲೆ ಅವ. ಒಡದ ಬಳಿ ನಾವು ಚೆಲ್ಲೂದಿಲ್ರೀ. ಆರಿಸಿ ಕಾಯಿ ಮಾಡ್ಕೋತೀವಿ.”

ಮಲೀಕಸಾಬನ ಮನೆಯಲ್ಲೂ ಅದೇ ರೂಢಿ. ಹೆಂಡತಿ ಗುಲ್ಷನ್‌ಬೀಯ ಕಾಯಿಗಳೂ ಬಳೆಚೂರೇ. ಮಕ್ಕಳ ಬೆರಳಲ್ಲಿ ತಿಕ್ಕಿ ತಿಕ್ಕಿ ಅವುಗಳ ಅಂಚು ಹುಣಸೆಬೀಜದಷ್ಟು ನುಣುಪಾಗಿತ್ತು. ಇಲ್ಲಿನ ಒಂದು ಚೂರನ್ನು ಎತ್ತಿಕೊಂಡ. ಹೆಬ್ಬೆರಳಿಗೆ ಚುಚ್ಚಿ ರಕ್ತ ಜಿನುಗಿತು.

“ಸೊಸಿ ನೀರಿಗೆ ಹೋದದ್ದು ಯಾವಾಗ?”

“ನಾವು ಆಟ ಹೂಡಿದ ಮ್ಯಾಲ.”

“ಕೈಯಾಗ ಬಳಿ ಇದ್ವು?”

“ಎರಡೂ ಕೈ ತುಂಬ! ಝಲ್‌ ಝಲ್‌ ಅನಿಸ್ಕೋತ ಹೋದ್ಲು.”

“ಖಾಸಿಂಬೀನ ಕರೀರಿ,” ಎಂದ ಮಲೀಕಸಾಬ.

* * *

ಬಳೆ ಮಾರುವ ಖಾಸಿಂಬೀ ಚೂರನ್ನು ಬಿಸಿಲಿಗೆ ಹಿಡಿದಳು.

“ಹಸಿರಿನ ಮ್ಯಾಲ ಹಳದಿ ಚುಕ್ಕಿ. ನನ್ನ ಮಾಲ ರೀ ಇದು. ಸಿಂಧನೂರಿನಿಂದ ಮೊನ್ನೆ ತಂದೆ. ನಿನ್ನೆ ಸಂಜೀಕ ಗದ್ದೆಮ್ಮಗ ಇಟ್ಟೆ. ಊರಾಗ ಇನ್ನೊಂದು ಕೈಗೆ ಇಟ್ಟಿಲ್ಲ. ನಾಳಿ ನಮ್ಮಣ್ಣ ಬರ್ತಾನ ಅಂತ ಎರಡ ಸಲ ಹೇಳಿದ್ಲು, ಪಾಪ.”

ಮಲೀಕಸಾಬ ಎದ್ದು ನಿಂತ.

“ಕೇಳು ಯಂಕಮ್ಮ. ವರ್ಷಾನುಗಟ್ಟಲೆ ಹಳೇವು ಅಂದಿ. ಇವು ನಿನ್ನೆ ಸಂಜೀವು. ಆಟ ಹೂಡಿದ ಮ್ಯಾಲ ಸೊಸಿ ಎರಡೂ ಕೈಯಾಗ ಬಳಿ ಇಟ್ಕೊಂಡು ಹೋದ್ಲು ಅಂದಿ. ಮತ್ತ ಆಟ ಹೂಡೂಕ ವೆಂಕೋಬನ ಕಾಯಿ ಎಲ್ಲಿಂದ ಬಂದ್ವು? ಕಾಯಿ ಇಲ್ಲದ ಆಟ ಹೂಡಾಕ ಬರೂದಿಲ್ಲ. ಅಂದ್ರ ಮೊದ್ಲ ಬಳಿ ಒಡದ್ವು. ಆಮ್ಯಾಲ ಆಟ.”

ಕಂಬದ ಬಳಿ ಗ್ಯಾನಮ್ಮ ಬಿಕ್ಕಿದಳು.

“ನಾ ಹಳ್ಳಕ್ಕ ಬಟ್ಟಿ ಒಗ್ಯಾಕ ಹೋಗಿದ್ದೆ ರೀ. ಬರೂದ್ರಾಗ ಎಲ್ಲಾ ಮುಗದಿತ್ತು. ಅವ್ವನ ಹೇಳಿದ್ಲು. ಅಣ್ಣಗ ಇನ್ನೊಂದು ಲಗ್ನ ಮಾಡಾಕ ಹೆಣ್ಣು ಕೇಳಿದ್ರ, ತುರ್ವಿಹಾಳದವರು ಸವತಿ ಮ್ಯಾಲ ಹೆಣ್ಣು ಕೊಡಂಗಿಲ್ಲ ಅಂದಿದ್ರು. ಅತ್ಗಿ ತವರಿಗೆ ಹೋಗಿ ಎಲ್ಲಾ ಹೇಳ್ತೀನಿ ಅಂದ್ಲಂತ. ಅಡಗಿಮನ್ಯಾಗ ಅಣ್ಣ ಕುತ್ತಿಗಿ ಹಿಡದನಂತ, ಅವ್ವ ಕೈ ಹಿಡದ್ಲಂತ. ಬಾವಿಗಿ ಹಾಕಿ ಬಂದು, ನೀನೂ ನಗಕೋತ ಆಡು, ಓಣಿಗೆ ಕೇಳಬೇಕು ಅಂದ್ರು. ಅಣ್ಣಗ ಕಾಯಿ ಇರಲಿಲ್ಲ. ಅವ್ವ ಅಡಗಿಮನಿ ನೆಲದ ಮ್ಯಾಲಿಂದ ಬಳಿ ಚೂರು ಆರಿಸಿ ಕೊಟ್ಲು.”

ಕಾಲು ಜಾರಿ ಬಿದ್ದಳೆಂದು ಹೇಳುವುದೇ ಅವರ ಹಂಚಿಕೆಯಾಗಿತ್ತು. ಅಷ್ಟರಲ್ಲಿ ಲಾಲಪ್ಪ ಬಂದ. ಅವನ ಮೇಲೆ ಹೊರಿಸುವುದು ಇನ್ನೂ ಸಲೀಸಾಯಿತು.

ಮಲೀಕಸಾಬ ಹೆಣ ಎಷ್ಟೋ ನೋಡಿದ್ದ. ಆದರೆ ಹೆಂಡತಿಯ ಬಳೆಚೂರನ್ನು ಮನೆಯಿಂದ ಮನೆಗೆ ನಡೆಸುತ್ತ ನಕ್ಕ ಗಂಡನನ್ನು ನೋಡಿರಲಿಲ್ಲ. ಆ ಚೂರು ಹಿಡಿದಿದ್ದ ಬೆರಳನ್ನು ಅಂಗಿಗೆ ಒರೆಸಿದ. ಮತ್ತೆ ಒರೆಸಿದ.

“ಆ ಚೂರು ಯಾಕ ಆರಿಸಿದಿ, ಯಂಕಮ್ಮ? ಬಿಟ್ಟಿದ್ರ ನನಗ ಏನೂ ಸಿಗ್ತಿರಲಿಲ್ಲ.”

ಯಂಕಮ್ಮ ಅವನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. “ನೆಲದ ಮ್ಯಾಲ ಬಿಟ್ರ ನನ್ನ ಮಗನ ಕಾಲಿಗೆ ಚುಚ್ಚತಿರಲಿಲ್ಲೇನ್ರೀ?”

ಮಲೀಕಸಾಬ ಅಂಗಳಕ್ಕೆ ಹೋಗಿ ಉಗುಳಿದ. ಆಮೇಲೆ ಬೇವಿನ ಬುಡಕ್ಕೆ ನಡೆದು ತಾನೇ ಹಗ್ಗ ಬಿಚ್ಚಿದ. ಲಾಲಪ್ಪ ಬಂಡಿಯಿಂದ ಗಂಟು ತಂದು, ತಂಗಿಯ ಹಬ್ಬದ ಸೀರೆ ತೆಗೆದು ಆಕೆಯ ಮೇಲೆ ಹೊದಿಸಿದ. ಮಡಿಕೆಯೊಳಗಿಂದ ಒಂದು ಎಳ್ಳುಂಡಿ ಜಾರಿ ಬಾವಿಕಟ್ಟೆಯವರೆಗೆ ಉರುಳಿತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.