ಪವಿತ್ರಾಳ ಮೂರು ಪಂಚರ್

"ಇವ್ನೇ ಸಾ! ನನ್ ಟೈರ್ ಚುಚ್ಚೋನು ಇವ್ನೇ!"

ಪವಿತ್ರಾ ಕೂಗಿದ ಕೂಗಿಗೆ ಏಳನೇ ಕ್ಲಾಸಿನವರೆಲ್ಲ ಸೈಕಲ್ ಸ್ಟ್ಯಾಂಡಿಗೆ ಓಡಿ ಬಂದರು. ಅವಳ ಕೈ ಪ್ರೇಮ್‌ಕುಮಾರನ ಕಾಲರ್ ಮೇಲೆ. ಅವನ ಕೈಯಲ್ಲಿ ಕಂಪಾಸ್ ಬಾಕ್ಸಿನ ಕೈವಾರ. ಪಕ್ಕದಲ್ಲೇ ಅವಳ ಸೈಕಲ್, ಹಿಂದಿನ ಚಕ್ರದಲ್ಲಿ ಒಂದು ಚೂರೂ ಗಾಳಿಯಿಲ್ಲ. ಇನ್ನೇನು ಸಾಕ್ಷಿ ಬೇಕು?

"ನಾನಲ್ಲ ಸಾ, ದೇವ್ರಾಣೆ! ಬ್ಯಾಗಿಂದ ಬಿತ್ತು, ಎತ್ಕೊಂಡೆ ಅಷ್ಟೆ."

"ಸುಳ್ಳು ಸಾ! ಹತ್ತು ದಿನದಲ್ಲಿ ಮೂರನೇ ಪಂಚರ್. ಒಂದ್ ರೌಂಡ್ ಕೊಡು ಅಂದ, ಕೊಡ್ಲಿಲ್ಲ. ಅದ್ಕೇ ಹಿಂಗ್ ಮಾಡ್ತಾನೆ. ಕಳ್ಳ!"

"ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬಾ," ಎಂದರು ರವಿಕುಮಾರ್ ಮೇಷ್ಟ್ರು. ಪ್ರೇಮ್‌ನ ಮುಖ ಬಿಳಿಚಿಕೊಂಡಿತು. ಪವಿತ್ರಾಗೆ ಮಾತ್ರ ಗೆದ್ದಷ್ಟು ಖುಷಿ.

ನರಸೀಪುರದ ಸ್ಕೂಲಿನಿಂದ ಸೋಸಲೆಯ ಮನೆವರೆಗೂ ಅವಳು ಸೈಕಲ್ ತಳ್ಳಿಕೊಂಡೇ ಬಂದಳು. ಪಂಚರ್ ಅಂಗಡಿಗೆ ಹೋಗುವ ಜಾಯಮಾನ ಅವಳದಲ್ಲ. ಹೋದ ತಿಂಗಳು ಹಿಂದಿನ ಚಕ್ರಕ್ಕೆ ಹೊಸ ಟೈರನ್ನೂ ತಾನೇ ಹಾಕಿದ್ದಳು. ಅದನ್ನು ಕೇಳಿದವರಿಗೂ ಹೇಳಿದ್ದಳು, ಕೇಳದವರಿಗೂ ಹೇಳಿದ್ದಳು.

ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರ ಬಿಚ್ಚಿದಳು. ಎರಡು ಚಮಚದ ಹಿಡಿಗಳನ್ನು ಟೈರಿನ ಅಂಚಿಗೆ ಕೊಟ್ಟು ಮೀಟಿದಳು.

"ಅಯ್ಯೋ, ಆ ಚಮಚ್ದಲ್ಲೇ ನಾಳೆ ಉಪ್ಪಿಟ್ಟು ತಿನ್ಬೇಕಲ್ಲವ್ವಾ!" ಎಂದರು ಜಗುಲಿಯ ಮೇಲಿದ್ದ ಅಜ್ಜಿ ಮರಿತಾಯಮ್ಮ.

"ತೊಳ್ದಿಡ್ತೀನಿ ಬುಡಜ್ಜಿ."

ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಅದ್ದಿದಳು. ಗುಳುಗುಳು ಎಂದು ಗುಳ್ಳೆ ಎದ್ದವು. ಸಿಕ್ತು! ಆದರೆ ಗುಳ್ಳೆ ಬರುತ್ತಿದ್ದುದು ರಿಮ್ಮಿಗೆ ಅಂಟಿಕೊಂಡು ಕೂರುವ ಒಳಮೈಯಿಂದ. ಹಳೆಯ ಎರಡು ಪ್ಯಾಚ್ ನೋಡಿದಳು. ಅವೂ ಅದೇ ಕಡೆ! ಅಂಟಿಸಿದವಳು ತಾನೇ, ಆಗ ಕಣ್ಣೆಲ್ಲಿತ್ತೋ!

ಟೈರನ್ನು ಬೆಳಕಿಗೆ ಹಿಡಿದಳು. ಒಂದು ತೂತೂ ಇಲ್ಲ. ಟೈರ್ ಬಿಚ್ಚದೆ ಒಳಮೈಗೆ ಯಾವ ಕೈವಾರ ತಾನೇ ಹೋದೀತು?

ರಿಮ್ಮಿನ ಒಳಗೆ ಬೆರಳಾಡಿಸಿದಳು. ಚುರ್ ಎಂದಿತು. ಸ್ಪೋಕ್ ಕಡ್ಡಿಗಳ ತುದಿಗಳು ಮುಳ್ಳಿನಂತೆ ಎದ್ದಿದ್ದವು.

ಇವುಗಳ ಮೇಲೆ ಒಂದು ರಬ್ಬರ್ ಪಟ್ಟಿ ಇತ್ತಲ್ಲ? ಹೊಸ ಟೈರ್ ಹಾಕುವಾಗ, ಇದೊಂದು ದಂಡಕ್ಕೆ ಎಂದು ಅವಳೇ ಕಿತ್ತಿದ್ದಳು. ಈಗ ಎಲ್ಲಿದೆ ಅದು? ತಿರುಗಿದರೆ, ತಲೆಕೆಳಗಾದ ಕ್ಯಾರಿಯರ್‌ನಲ್ಲಿ ನೇತಾಡುತ್ತಿದೆ! ದಿನಾ ಸ್ಕೂಲ್ ಬ್ಯಾಗ್ ಬಿಗಿಯುತ್ತಿದ್ದುದು ಅದರಲ್ಲೇ.

ಪವಿತ್ರಾ ಥಟ್ಟನೆ ಎದ್ದು ನಿಂತಳು. ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

"ಯಾಕವ್ವಾ, ಆವುಗೀವು ಕಂಡ್ಯಾ?"

"ಅಜ್ಜಿ... ಪ್ರೇಮ್ ಚುಚ್ಚಿಲ್ಲ. ಇದು ನನ್ನಿಂದ್ಲೇ ಆಗಿರೋದು. ಎಲ್ರ ಮುಂದೆ ಅವನ್ನ ಕಳ್ಳ ಅಂದ್ಬುಟ್ಟೆ."

"ಎಲ್ರ ಮುಂದೇನಾ?" ಎಂದರು ಅಜ್ಜಿ. ಆಮೇಲೆ ಎದ್ದು ಬಂದು, ಬಿದ್ದ ಚಮಚವನ್ನು ತಾವೇ ತೊಳೆದಿಟ್ಟರು. ಬೈದಿದ್ದರೇ ವಾಸಿಯಿತ್ತು.

ರಾತ್ರಿಯೇ ಪ್ಯಾಚ್ ಅಂಟಿಸಿ, ಪಟ್ಟಿ ಮತ್ತೆ ಕೂರಿಸಿ, ಬೆಳಿಗ್ಗೆ ಅವಳು ಎಷ್ಟೇ ಬೇಗ ಹೊರಟರೂ ಪ್ರೇಮ್‌ನ ಅಪ್ಪ ರಾಜೇಂದ್ರ ಮೊದಲೇ ಬಂದಾಗಿತ್ತು. ಗಾರೆ ಕೆಲಸದ ಬಟ್ಟೆಯಲ್ಲಿದ್ದ ಅಷ್ಟು ದೊಡ್ಡ ಆಳು, ಸ್ಕೂಲಿನ ಅಂಗಳದಲ್ಲಿ, ಮಕ್ಕಳೆಲ್ಲ ನೋಡುತ್ತಿದ್ದಂತೆ, ಮೇಷ್ಟ್ರ ಮುಂದೆ ಕೈಮುಗಿದು ನಿಂತಿದ್ದರು.

"ತಪ್ಪಾಯ್ತು ಸಾ, ಇದೊಂದ್ ಸಲ ಬುಟ್ಬುಡಿ. ಮನೇಲಿ ಸರ್ಯಾಗ್ ಕೊಟ್ಟಿವ್ನಿ."

ಪ್ರೇಮ್‌ನ ಕೆನ್ನೆ ಊದಿತ್ತು.

ಮಾಡದ ತಪ್ಪಿಗೆ ಏಟು! ಪವಿತ್ರಾಗೆ ಆಮೇಲೆ ಮೇಷ್ಟ್ರ ರೂಮಿಗೆ ಹೋಗಿ ಮೆಲ್ಲಗೆ ಹೇಳಿದರಾಯಿತು ಅನ್ನಿಸಿತು. ಆದರೆ ನಿನ್ನೆ ಅವಳು ಕೂಗಿದ್ದು ರೂಮಿನಲ್ಲಲ್ಲವಲ್ಲ.

"ಸಾ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. "ಪ್ರೇಮ್ ಏನೂ ಮಾಡಿಲ್ಲ. ನಾನೇ ಟೈರ್ ತಪ್ಪಾಗಿ ಹಾಕಿದ್ದೆ. ಒಳಗಿನ ಕಡ್ಡಿ ಚುಚ್ಚಿ ಪಂಚರ್ ಆಗಿರೋದು. ಅವ್ನು ಕಳ್ಳ ಅಲ್ಲ."

ಮೇಷ್ಟ್ರು ಬೆಪ್ಪಾದರು. ರಾಜೇಂದ್ರ ಮುಗಿದ ಕೈಗಳನ್ನು ಕೆಳಗಿಳಿಸಿದರು. ಮಗನ ತಲೆ ಸವರಲು ಹೋದರು. ಪ್ರೇಮ್ ಒಂದು ಹೆಜ್ಜೆ ಹಿಂದೆ ಸರಿದ.

"ಸಾರಿ ಕಣೋ," ಎಂದಳು ಪವಿತ್ರಾ. ಅವನು ಕ್ಲಾಸಿನ ಕಡೆ ನಡೆದ.

ಸಂಜೆ ಬೆಲ್ ಹೊಡೆದಾಗ ಮಕ್ಕಳೆಲ್ಲ ಸೈಕಲ್‌ಗಳ ನಡುವೆಯೇ ನುಗ್ಗಿ ಓಡಿದರು. ಪ್ರೇಮ್ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವಳ ಸೈಕಲ್ಲಿನಿಂದ ಮಾರು ದೂರ ಸುತ್ತು ಹಾಕಿ ಗೇಟಿನ ಕಡೆ ಹೋದ.

ಕರೆಯಲೆಂದು ಪವಿತ್ರಾ ಬಾಯಿ ತೆರೆದಳು. ಆ ಕೈಗಳನ್ನು ನೋಡಿ ಸುಮ್ಮನಾದಳು. ಅವನು ಗೇಟು ದಾಟುವವರೆಗೂ ಸೈಕಲ್ ಹತ್ತದೆ ಹಾಗೇ ನಿಂತಿದ್ದಳು.