ಕಿತ್ಕೊಂಡ ಮೇಲೆ ಐದು ಎಣಿಸಬೇಕು

"ಅಯ್ಯೋ, ನನ್ನ ಸೌಟು!"

ಅಜ್ಜಿ ತಿರುಗುವಷ್ಟರಲ್ಲಿ ಸೌಟು ಚೋಟಿಯ ಕೈಗೆ ಬಂದಾಗಿತ್ತು. ಸೂಪಿನ ನಾಲ್ಕು ಹನಿ ಹಾರಿ ಅಜ್ಜಿಯ ಕನ್ನಡಕದ ಮೇಲೆ ಕೂತವು.

"ಡಿಸಾರ್ಮ್!" ಎಂದು ಚೋಟಿ ಕುಣಿದಳು. ಮರುಕ್ಷಣವೇ, "ತಗೋ ಅಜ್ಜಿ" ಎಂದು ಸೌಟನ್ನು ವಾಪಸ್ ಕೊಟ್ಟಳು.

"ಕೊಡೋದಾದ್ರೆ ಕಿತ್ಕೊಂಡಿದ್ದು ಯಾಕೆ, ತಲೆಹರಟೆ?"

"ಪ್ರಾಕ್ಟೀಸ್ ಅಂದ್ರೆ ಹಂಗೇ ಅಜ್ಜಿ! ಕಿತ್ಕೋ, ಕೊಡು. ಮತ್ತೆ ಕಿತ್ಕೋ, ಮತ್ತೆ ಕೊಡು."

ಚೋಟಿ ಕಲಿಯುತ್ತಿದ್ದದ್ದು ಫಿಲಿಪ್ಪೀನ್ಸ್ ದೇಶದ ಕೋಲುವಿದ್ಯೆ. ಸೈಕಲ್ ರಿಪೇರಿ ಅಂಗಡಿಯ ಮಹಡಿ ಮೇಲೆ ಕ್ಲಾಸು. ಬೆಳಿಗ್ಗೆ ಸ್ಕೂಲ್ ಬಸ್ ಓಡಿಸುವ ಆಂಟಿಯೇ ಸಂಜೆ ಕೋಚ್. "ಎದುರಾಳಿಯ ಕೋಲು ತಡೀರಿ, ಮುಷ್ಟಿ ಹತ್ರ ಹಿಡೀರಿ, ಹೆಬ್ಬೆರಳ ಕಡೆ ತಿರುಚಿ. ಮುಷ್ಟಿಗೆ ಬಾಗಿಲು ಇರೋದೇ ಅಲ್ಲಿ!" ಎನ್ನುತ್ತಿದ್ದರು. ಹೀಗೆ ಕೋಲು ಕಿತ್ಕೊಳ್ಳೋದಕ್ಕೇ 'ಡಿಸಾರ್ಮ್' ಅಂತ ಹೆಸರು.

ಭಾನುವಾರ ಟೆಸ್ಟ್. ಎರಡೇ ಚಾನ್ಸ್. ಕೋಲು ಕಿತ್ಕೊಂಡು ಐದು ಎಣಿಸುವವರೆಗೆ ಇಟ್ಟುಕೊಂಡವರಿಗೆ ಹಳದಿ ಟೀ ಶರ್ಟು, ಸ್ಟೇಜ್ ಮೇಲೆ ಶೋ. ಆದರೆ ಚೋಟಿಯ ಜೋಡಿ ಉದ್ದಣ್ಣ! ಅವಳಿಗಿಂತ ಎರಡೇ ಕ್ಲಾಸ್ ದೊಡ್ಡವನು, ಎತ್ತರದಲ್ಲಿ ಮಾತ್ರ ಕರೆಂಟ್ ಕಂಬ. ಅವನ ಕೋಲನ್ನು ಅವಳು ಒಂದು ಸಲವೂ ಕಿತ್ತಿರಲಿಲ್ಲ.

ಅದಕ್ಕೇ ಎರಡು ವಾರದಿಂದ ಮನೆಯಲ್ಲಿ ಯಾರ ಕೈಯಲ್ಲೂ ಏನೂ ನಿಲ್ಲುತ್ತಿರಲಿಲ್ಲ. ಅಣ್ಣನ ಟೂತ್‌ಬ್ರಷ್ ನೊರೆ ಸಮೇತ ಹೋಯಿತು. ಅಮ್ಮನ ಬಾಚಣಿಗೆ ಹೋಯಿತು. ಸೌಟಂತೂ ದಿನಕ್ಕೆ ಹತ್ತು ಸಲ. ಕಿತ್ಕೋ, "ತಗೋ" ಅನ್ನು, ಓಡು!

ಭಾನುವಾರ ಹಾಲ್ ತುಂಬ ಜನ. ಮೊದಲ ಸಾಲಲ್ಲೇ ಅಜ್ಜಿ. ಚೋಟಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

ಕೋಚ್ ಸೀಟಿ ಊದಿದರು. ಉದ್ದಣ್ಣನ ಬೆತ್ತದ ಕೋಲು ಬೀಸಿ ಬಂತು. ಟಕ್! ಚೋಟಿ ತಡೆದಳು, ಹಿಡಿದಳು, ತಿರುಚಿದಳು. ಕೋಲು ಅವಳ ಕೈಗೆ ಬಂದೇಬಿಟ್ಟಿತು!

"ಒಂದು! ಎರಡು!" ಹಾಲ್ ಎಣಿಸತೊಡಗಿತು.

"ತಗೋ ಅಣ್ಣ" ಎಂದು ಚೋಟಿ ಕೋಲನ್ನು ವಾಪಸ್ ಕೊಟ್ಟುಬಿಟ್ಟಳು.

ಉದ್ದಣ್ಣ ತೆಗೆದುಕೊಂಡವನೇ ಅವಳ ಹೆಲ್ಮೆಟ್ ಮೇಲೆ ಟೊಕ್ ಎಂದು ಬಾರಿಸಿದ.

ಹಾಲ್‌ಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೋಚ್ ಆಂಟಿ ನಗು ತಡೆಯಲಾರದೆ ಸೀಟಿ ನುಂಗುವುದೊಂದು ಬಾಕಿ. ಚೋಟಿಗೆ ಅಳುವೂ ಬಂತು, ನಗುವೂ ಬಂತು. ಯಾವುದು ಮೊದಲು ಅಂತ ತಿಳಿಯಲಿಲ್ಲ.

"ಕೊಡಬೇಡ ಕಣೇ!" ಅಜ್ಜಿ ಎದ್ದು ನಿಂತು ಕೂಗಿದರು.

ಎರಡನೇ ಸೀಟಿ. ಟಕ್, ಹಿಡಿ, ತಿರುಚು. ಮತ್ತೆ ಬಂತು! ಈ ಸಲವೂ ಕೊಡ್ತಾಳೆ ಅಂತ ಉದ್ದಣ್ಣ ಬರಿಗೈ ಚಾಚಿದ. ಚೋಟಿಯ ಕೈ ಅರ್ಧ ದಾರಿ ಹೋಗೇಬಿಟ್ಟಿತ್ತು. ಅವಳು ಗಬಕ್ಕನೆ ಎಳೆದುಕೊಂಡು, ಕೋಲನ್ನು ಬೆನ್ನ ಹಿಂದೆ ಅಡಗಿಸಿ, ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

"ಒಂದು! ಎರಡು! ಮೂರು! ನಾಲ್ಕು! ಐದು!"

ಹಳದಿ ಟೀ ಶರ್ಟು ಮೊಣಕಾಲ ತನಕ ಬಂದರೂ ಚೋಟಿ ಅದನ್ನು ಬಿಚ್ಚಲಿಲ್ಲ. ಊಟಕ್ಕೂ ಅದರಲ್ಲೇ ಕೂತಳು.

ಸೂಪಿಗೆ ಚಮಚ ಹಾಕಬೇಕು, ಅಷ್ಟರಲ್ಲಿ ಚಮಚವೇ ಮಾಯ!

"ಡಿಸಾರ್ಮ್!" ಎಂದರು ಅಜ್ಜಿ.

"ಅಜ್ಜೀ! ಕೊಡು!"

"ಕಿತ್ಕೋ ನೋಡೋಣ."

ಚೋಟಿ ಹಿಡಿದಳು, ಹೆಬ್ಬೆರಳ ಕಡೆ ತಿರುಚಿದಳು. ಚಮಚ ಜಪ್ಪಯ್ಯ ಅನ್ನಲಿಲ್ಲ. ಎರಡೂ ಕೈ ಹಾಕಿದಳು, ಕುರ್ಚಿ ಮೇಲೆ ಹತ್ತಿ ಎಳೆದಳು. ಊಹೂಂ!

"ಏನಜ್ಜಿ ಇದು, ಇಷ್ಟು ಗಟ್ಟಿ!"

"ನಲವತ್ತು ವರ್ಷ ಟೈಲರ್ ಕತ್ತರಿ ಹಿಡಿದ ಕೈ ಕಣೇ ಇದು."

ಅಣ್ಣ ಬಟ್ಟಲಿಗೆ ಮುಖ ಬಗ್ಗಿಸಿ ನಗುತ್ತಿದ್ದ. ಅಮ್ಮ ಬೇರೆ ಕಡೆ ನೋಡುತ್ತಿದ್ದರು.

ಚೋಟಿ ಮೆಲ್ಲಗೆ ಕುರ್ಚಿಯಿಂದ ಇಳಿದಳು. "ಹಂಗಾದ್ರೆ... ಸೌಟು?"

"ಸೌಟಾ? ಯಾವ ಸೌಟು?" ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ದಿನಕ್ಕೆ ಹತ್ತು ಸಲ, ಎರಡು ವಾರ. ಒಂದು ದಿನವೂ ಸೌಟು ಹೀಗೆ ಬಿಗಿಯಾಗಿರಲಿಲ್ಲ. ಚೋಟಿ ಅಜ್ಜಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಒತ್ತಿ ಕೂತು, ಬರಿಗೈ ಚಾಚಿದಳು.

"ತಗೋ" ಎಂದರು ಅಜ್ಜಿ.